ಕಿತ್ತಳೆ ಹಿಡಿದವರು ಮಾತಾಡಬೇಕು

ಮೊನ್ನೆ ನಮ್ಮ ಮೊಮ್ಮಗಳು ಸ್ಕೂಲಿನಿಂದ ಒಂದು ಸ್ಪಂಜಿನ ಚೆಂಡು ತಂದಿದ್ದಳು. ಹಳದಿ ಬಣ್ಣದ್ದು, ಮೇಲೆ ನಗುವ ಮುಖ ಬೇರೆ. ಅದು ಸೋಫಾದ ಕೆಳಗೆ ಉರುಳಿಕೊಂಡು ಹೋಯಿತು. ನಾನು ನನ್ನ ಊರುಗೋಲಿನಿಂದ ಕೆದಕಿ ತೆಗೆಯಲು ಹೊರಟರೆ, "ಅಜ್ಜೀ, ಮೆಲ್ಲಗೆ! ಅದು ಇಂಗ್ಲಿಷ್ ಬಾಲು" ಎಂದಳು.

"ಚೆಂಡಿಗೂ ಭಾಷೆ ಇರುತ್ತೇನೇ?" ಎಂದೆ.

"ಅಯ್ಯೋ, ನಿಂಗೆ ಗೊತ್ತಾಗಲ್ಲ ಬಿಡು. ಇದು ಹೊಸ ಮೆಥಡ್ಡು. ಮಿಸ್ಸು ಚೆಂಡು ಎಸೀತಾರೆ. ಯಾರು ಹಿಡೀತಾರೋ ಅವರು ಇಂಗ್ಲಿಷಲ್ಲಿ ಮಾತಾಡ್ಬೇಕು. ಆಕ್ಟಿವಿಟಿ ಅಂತಾರೆ ಅದಕ್ಕೆ."

ನನಗೆ ಗೊತ್ತಾಗಲ್ಲವಂತೆ! ಹೊಸ ಮೆಥಡ್ಡಂತೆ! ಕೋಪ ಬಂತೋ ನಗು ಬಂತೋ ಹೇಳಲಾರೆ. ಎರಡೂ ಬಂದವು ಅನ್ನಿ. ಈ ಹುಡುಗಿಯ ಅಪ್ಪ ಹುಟ್ಟುವ ಮೊದಲೇ ಈ ಅಜ್ಜಿ ಶನಿವಾರಸಂತೆಯ ಒಂದು ಸ್ಕೂಲಿನಲ್ಲಿ ಇದೇ ಆಟ ಆಡಿಸಿದವಳು. ಸ್ಪಂಜಿನ ಚೆಂಡು ನಮಗೆಲ್ಲಿ ಬರಬೇಕು? ನಮ್ಮದು ಕಿತ್ತಳೆ ಹಣ್ಣು. ಹಿಡಿದವರು ಮಾತಾಡಬೇಕು, ಮಾತಾಡಿದವರು ಒಂದು ತೊಳೆ ತಿನ್ನಬೇಕು. ಸ್ಪಂಜನ್ನು ತಿನ್ನಲಿ ನೋಡೋಣ ಇವರ ಮಿಸ್ಸು.

ಜಂಬ ಅಂತೀರಾ? ಅನ್ನಿ, ನನಗೇನೂ ಬೇಜಾರಿಲ್ಲ. ಜಂಬ ಪಡುವಂಥದ್ದು ಮಾಡಿದ್ದೇನೆ, ಪಡುತ್ತೇನೆ. ಮೇಲಾಗಿ ನಾನು ರಾಜಧಾನಿಯವಳು. ನಗಬೇಡಿ. ನಾನು ಟೀಚರ್ ಆಗುವ ಹೊತ್ತಿಗೆ ಕೊಡಗೇ ಒಂದು ರಾಜ್ಯ. ನಮಗೆ ನಮ್ಮದೇ ಅಸೆಂಬ್ಲಿ, ನಮ್ಮದೇ ಮಂತ್ರಿಗಳು. ಮಡಿಕೇರಿ ಅದರ ರಾಜಧಾನಿ. ಅಸೆಂಬ್ಲಿಯವರು ಸಂಜೆ ಪೇಟೆಗೆ ಬಂದು ನಮ್ಮ ಜೊತೆಯಲ್ಲೇ ತರಕಾರಿ ಆರಿಸುತ್ತಿದ್ದರು. ಅಷ್ಟು ಚಿಕ್ಕ ರಾಜಧಾನಿ ದೇಶದಲ್ಲಿ ಇನ್ನೊಂದು ಇತ್ತೋ ಇಲ್ಲವೋ, ನಮಗಂತೂ ಅದರ ಮೇಲೆ ಬಹಳ ಅಭಿಮಾನ.

ನಮ್ಮ ತಂದೆ ಅಲ್ಲಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಪುಟಗಟ್ಟಲೆ ಬರೆಯುವವರು. ಮೇಲಧಿಕಾರಿಗಳೇ ಅವರ ಕರಡನ್ನು ತಿದ್ದುತ್ತಿರಲಿಲ್ಲ. ಆದರೆ ಮಾತು? ಒಮ್ಮೆ ನಾನೂ ಅವರೂ ಕೋಟೆಯ ಕಡೆಯಿಂದ ಇಳಿದು ಬರುವಾಗ, ಎಸ್ಟೇಟಿನ ಒಬ್ಬ ದೊರೆಸಾನಿ ಕಾರು ನಿಲ್ಲಿಸಿ ಏನೋ ದಾರಿ ಕೇಳಿದಳು. ನಮ್ಮ ತಂದೆ ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು, "ಯೆಸ್ ಮೇಡಂ" ಎಂದರು. ಆಕೆ ಇನ್ನೊಮ್ಮೆ ಕೇಳಿದಳು. ಇವರು ಇನ್ನೊಮ್ಮೆ "ಯೆಸ್ ಮೇಡಂ" ಎಂದು ಕೊಡೆ ಎತ್ತಿ ಬೆಟ್ಟದ ಕಡೆ ತೋರಿಸಿದರು. ಆಕೆ ಪಾಪ, ಆ ಕಡೆಗೇ ಹೋದಳು. ಎಲ್ಲಿ ತಲುಪಿದಳೋ ದೇವರಿಗೇ ಗೊತ್ತು.

ಮನೆಯ ಜಗಲಿ ಹತ್ತುವಾಗ ಅಪ್ಪ, "ಎಲ್ಲಾ ಕೈಯಲ್ಲೇ ಉಳೀತು ಸರಸೂ, ಬಾಯಿಗೆ ಬರಲೇ ಇಲ್ಲ. ನೀನಾದರೂ ಬಾಯಿ ಬಿಡು ತಾಯಿ" ಎಂದರು. ನನಗೆ ಅಳು ಬಂತು. ಬಾಯಿ ಬಿಡು ಎಂದು ಹೆಣ್ಣುಮಗಳಿಗೆ ಹೇಳಿದ ತಂದೆ ಆ ಕಾಲದಲ್ಲಿ ನಮ್ಮ ಬೀದಿಯಲ್ಲಿ ಇವರೊಬ್ಬರೇ ಇದ್ದಿರಬೇಕು. ಆಮೇಲೆ ನಾನು ಬಿಟ್ಟ ಬಾಯಿಯನ್ನು ಇದುವರೆಗೂ ಮುಚ್ಚಿಲ್ಲ ಎಂದು ನನ್ನ ಗಂಡ ಬದುಕಿದ್ದಷ್ಟು ದಿನವೂ ಹೇಳುತ್ತಿದ್ದರು.

ಟ್ರೇನಿಂಗು ಮುಗಿಸಿದೆ. ಶನಿವಾರಸಂತೆಗೆ ಇಂಗ್ಲಿಷ್ ಟೀಚರ್ ಆಗಿ ಹಾಕಿದರು. ಟೆಂಪರರಿ ಕೆಲಸ. ಆ ವರ್ಷ ಇನ್‌ಸ್ಪೆಕ್ಟರು ಬಂದು ನನ್ನ ಪಾಠ ನೋಡಬೇಕು. ಸರಿ ಅಂದರೆ ಖಾಯಂ. ಇಲ್ಲವೆಂದರೆ ಮಡಿಕೇರಿಯ ಬಸ್ಸು ಹತ್ತಬೇಕು. ಅಲ್ಲಿ ನಮ್ಮಮ್ಮ ಜಾತಕ ಹಿಡಿದುಕೊಂಡು ಕಾಯುತ್ತಿದ್ದರು. ಮದುವೆ ಬೇಡ ಎಂದೇನೂ ಅಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನನಗೆ ಆ ಕೆಲಸ ಬೇಕಾಗಿತ್ತು. ತುಂಬಾ ಬೇಕಾಗಿತ್ತು. ಬೆಳಗ್ಗೆ ಮಂಜಿನಲ್ಲಿ ಸೀರೆಯ ಅಂಚು ಒದ್ದೆ ಮಾಡಿಕೊಂಡು ಸ್ಕೂಲಿಗೆ ನಡೆಯುವಾಗ, ಎದುರಿಗೆ ಬಂದವರು "ನಮಸ್ಕಾರ ಟೀಚರ್" ಎಂದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ನನಗೆ ಕೊಟ್ಟದ್ದು ಥರ್ಡ್ ಫಾರಂ, ಅಂದರೆ ಈಗಿನ ಎಂಟನೇ ಕ್ಲಾಸು. ಮೊದಲ ದಿನ ಒಳಗೆ ಹೋಗಿ, ಇಂಗ್ಲಿಷಿನಲ್ಲಿ "ಹೇಗಿದ್ದೀರಿ ಮಕ್ಕಳೇ?" ಎಂದು ಕೇಳಿದೆ. ಇಡೀ ಕ್ಲಾಸು ಎದ್ದು ನಿಂತು ರೀಡರಿನ ಮೊದಲ ಪಾಠವನ್ನು ಬಾಯಿಪಾಠ ಒಪ್ಪಿಸಿತು, ಅದೂ ರಾಗವಾಗಿ. ನಿಲ್ಲಿಸಿ ಎಂದೆ, ನಿಲ್ಲಿಸಲಿಲ್ಲ. ಪಾಠ ಮುಗಿದ ಮೇಲೆಯೇ ಕೂತರು. ನನಗೆ ನಮ್ಮ ಅಪ್ಪ ಕೊಡೆ ಎತ್ತಿದ್ದು ಕಣ್ಣಿಗೆ ಕಟ್ಟಿತು.

ಅಲ್ಲ, ಆ ಮಕ್ಕಳು ಮಾತು ಬಾರದವರೇನಲ್ಲ. ಒಬ್ಬನ ಮನೆಯಲ್ಲಿ ಕೊಡವ ತಕ್ಕ್, ಒಬ್ಬಳ ಮನೆಯಲ್ಲಿ ಅರೆಭಾಷೆ, ಮಲಯಾಳ, ತುಳು, ಉರ್ದು, ತಮಿಳು. ಬೀದಿಗೆ ಬಂದರೆ ಎಲ್ಲರಿಗೂ ಕನ್ನಡ. ಒಣಮೀನು ಅಂಗಡಿಯವರ ಮಗ ಮಮ್ಮದ್ ಎಂಬ ಹುಡುಗ ಶನಿವಾರ ಸಂತೆಯಲ್ಲಿ ಒಂದೇ ಉಸಿರಿಗೆ ಮೂರು ಭಾಷೆಯಲ್ಲಿ ಗಿರಾಕಿ ಕರೆಯುತ್ತಿದ್ದ. ಇಂಥ ಮಕ್ಕಳಿಗೆ ಇನ್ನೊಂದು ಭಾಷೆ ಯಾವ ಲೆಕ್ಕ? ಅದನ್ನೂ ಬೀದಿಗೆ ತರಬೇಕು, ಅಷ್ಟೇ. ಹೀಗೆ ಯೋಚಿಸಿ ಕಿತ್ತಳೆ ತಂದೆ. ಚಳಿಗಾಲದಲ್ಲಿ ಬುಟ್ಟಿ ಬುಟ್ಟಿ ಕಿತ್ತಳೆ ಬರುತ್ತಿದ್ದ ಊರು ಅದು.

ಆಟಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ತಪ್ಪು ಮಾತಾಡಿದವರಿಗೂ ತೊಳೆ ಉಂಟು. ನಕ್ಕವರಿಗೆ ಮಾತ್ರ ಇಲ್ಲ. ಒಂದು ವಾರ ಆಗುವಷ್ಟರಲ್ಲಿ ಕ್ಲಾಸಿನ ನಗು ನಿಂತು ಮಾತು ಶುರುವಾಯಿತು. ಎಂಥ ಮಾತು ಅಂತೀರಿ! "ಯೆಸ್ಟರ್‌ಡೇ ಅವರ್ ಡಾಗ್ ಕಮ್, ಪಿಗ್ ರನ್, ಮೈ ಅಂಕಲ್ ಫಾಲ್!" ವ್ಯಾಕರಣ ಆ ಅಂಕಲ್ ಜೊತೆಯಲ್ಲೇ ಬಿದ್ದಿತ್ತು, ನಿಜ. ಆದರೆ ಹಂದಿ ಓಡಿದ್ದು ನಮಗೆಲ್ಲ ಕಾಣಿಸಿತಲ್ಲ!

ಪಕ್ಕದ ಕೋಣೆಯಲ್ಲಿ ಹೆಡ್‌ಮಾಸ್ತರು ಕೂರುತ್ತಿದ್ದರು. ಕರಿ ಕೋಟು, ಜರಿ ಪೇಟ, ಒಳ್ಳೆಯ ಮನುಷ್ಯರೇ. ಆದರೆ ಸದ್ದು ಕಂಡರೆ ಆಗದು. ಒಂದು ದಿನ ಬಾಗಿಲಿಗೆ ಬಂದು ನಿಂತರು. "ಸರಸಮ್ಮನವರೇ, ಈ ಊರಲ್ಲಿ ಸಂತೆ ಶನಿವಾರ ಮಾತ್ರ. ನಿಮ್ಮ ಕ್ಲಾಸಲ್ಲಿ ವಾರವೆಲ್ಲಾ ಇದೆಯಲ್ಲ?"

ಸುಮ್ಮನಿರಬಹುದಿತ್ತು. ನಾನು ಸುಮ್ಮನಿರುವ ಪೈಕಿ ಅಲ್ಲ. "ಸಂತೇಲಿ ಮೂಕರು ಇರಲ್ಲ ಸಾರ್" ಎಂದೆ.

ಅವರ ಮುಖ ಬಿಗಿಯಿತು. "ಇನ್‌ಸ್ಪೆಕ್ಟರು ಬರ್ತಾರೆ. ಅವರ ಮುಂದೆಯೂ ಹಣ್ಣು ಎಸೆದು ತೋರಿಸಿ. ಆಮೇಲೆ ನಾನೇನೂ ಮಾಡೋಕಾಗಲ್ಲ, ನೋಡಿಕೊಳ್ಳಿ."

ಹಣ್ಣು ಎಸೆಯುವುದನ್ನು ಸ್ವಲ್ಪ ಕಡಿಮೆ ಮಾಡಿದೆ. ಹೆದರಿದೆ ಅಂದುಕೊಂಡಿರಾ? ಇನ್ನೊಂದು ಆಟ ಶುರು ಮಾಡಿದೆ. ಅದರ ಹೆಸರು ನೆಂಟರಾಟ. ಕ್ಲಾಸೇ ಒಂದು ಮನೆ. ವಾರಕ್ಕೊಬ್ಬರು ಆ ಮನೆಯ ಯಜಮಾನಿ ಅಥವಾ ಯಜಮಾನ. ಒಬ್ಬರು ಹೊರಗೆ ಹೋಗಿ ನೆಂಟರಾಗಿ ಬಾಗಿಲು ತಟ್ಟಬೇಕು: ಎಸ್ಟೇಟಿನ ಲೆಕ್ಕ ಬರೆಯುವ ರೈಟರೋ, ಬಸ್ಸಿನ ಕಂಡಕ್ಟರೋ, ಹೆಣ್ಣು ನೋಡಲು ಬಂದವರೋ, ಯಾರಾದರೂ ಸರಿ. ಮನೆಯವರು ಇಂಗ್ಲಿಷಿನಲ್ಲಿ ಉಪಚರಿಸಬೇಕು. ಇದರ ನಿಯಮ ಮಾಡಿದ್ದು ನಾನಲ್ಲ, ಮಕ್ಕಳೇ. ಅವರವರ ಮನೆಯಲ್ಲಿ ಹೇಗೋ ಹಾಗೆ. ಯಜಮಾನಿ ಕರೆದು ಕೂರಿಸುವ ತನಕ ಮಿಕ್ಕವರು ಬಾಯಿ ಬಿಡಬಾರದು. ಕಾಫಿ ಕೊಡುವ ಮೊದಲು ಬಂದ ಕೆಲಸದ ಮಾತು ಎತ್ತಕೂಡದು. ಕಾಫಿಗೆ ಲೋಟ? ಕಿತ್ತಳೆಯನ್ನು ಅರ್ಧಕ್ಕೆ ಸರಿಯಾಗಿ ಸುಲಿದರೆ ಸಿಪ್ಪೆಯೇ ಬಟ್ಟಲು. ಕಿಟಕಿಯ ಮೇಲೆ ಅವನ್ನು ಸಾಲಾಗಿ ಒಣಗಿಸಿಟ್ಟಿದ್ದೆವು. ನೆಂಟರು ಖಾಲಿ ಬಟ್ಟಲಿಗೆ ಊದಿ ಊದಿ ಕುಡಿಯುವುದನ್ನು ನೀವು ನೋಡಬೇಕಿತ್ತು.

ಈ ಮನೆಯೊಳಗೆ ಒಂದು ತೊಂದರೆ ಇತ್ತು. ಅದರ ಹೆಸರು ಕಾಳಮ್ಮ.

ಕಾಳಮ್ಮನ ಅಪ್ಪ ಹಾಸನದ ಕಡೆಯಿಂದ ಬಂದು ಊರಾಚೆ ಗದ್ದೆ ಮಾಡಿದ್ದವರು. ಇವಳು ಹಿರಿ ಮಗಳು. ಹಿಂದೆ ಇನ್ನೂ ಪುಟಾಣಿಗಳ ಸಾಲು. ಮನೆಯಲ್ಲಿ ಇವಳದೇ ದರ್ಬಾರು, ಕ್ಲಾಸಿನಲ್ಲೂ ಹಾಗೆಯೇ. ಕನ್ನಡದಲ್ಲಿ ಇವಳು ಬೈಯಲು ನಿಂತರೆ ಮಮ್ಮದ್ ಕೂಡ ಬೆಂಚಿನ ಕೆಳಗೆ ಪೆನ್ಸಿಲ್ ಹುಡುಕುತ್ತಿದ್ದ. ಇಂಗ್ಲಿಷ್ ಮಾತ್ರ ಆಗದು. ಕಿತ್ತಳೆ ಕೈಗೆ ಬಂದರೆ ಕೆಂಡ ಮುಟ್ಟಿದವಳ ಹಾಗೆ ಆಚೆ ಎಸೆಯುತ್ತಿದ್ದಳು. "ಒಂದು ಮಾತು ಕಾಳಮ್ಮಾ" ಎಂದರೆ, "ಆಗಾಕಿಲ್ಲ ಟೀಚರ್. ಗಂಟ್ಲಲ್ಲೇ ನಿಂತ್ಕತ್ತದೆ" ಎನ್ನುವಳು. ಎಲ್ಲಾ ಕೈಯಲ್ಲೇ ಉಳೀತು ಎಂದಿದ್ದ ನಮ್ಮ ಅಪ್ಪನ ನೆನಪಾಗಿ ಅವಳನ್ನು ಗದರಿಸಲು ಮನಸ್ಸು ಬರುತ್ತಿರಲಿಲ್ಲ. ಕಾಯುತ್ತಿದ್ದೆ.

ಸರತಿಯಂತೆ ಒಂದು ಸೋಮವಾರ ಅವಳು ಯಜಮಾನಿಯಾದಳು. ಮಮ್ಮದ್ ನೆಂಟನಾಗಿ ಹೊರಗೆ ಹೋಗಿ ಬಾಗಿಲು ತಟ್ಟಿದ. ಕಾಳಮ್ಮ ತುಟಿ ಬಿಗಿದು ಕೂತಳು. ಅವನು ಇನ್ನೂ ತಟ್ಟಿದ. ಯಜಮಾನಿ ಕರೆಯದೆ ಒಳಗೆ ಬರುವ ಹಾಗಿಲ್ಲ, ಆಟ ಬಿಟ್ಟು ಬರಲು ಅವನಿಗೆ ಮನಸ್ಸಿಲ್ಲ. ಪಾಪದ ಹುಡುಗ, ಗಂಟೆ ಹೊಡೆಯುವ ತನಕ ಚಳಿಯಲ್ಲಿ ಹೊರಗೇ ನಿಂತ. "ಇಂಥ ಮನೆಗೆ ನಾನು ಹೆಣ್ಣು ಕೇಳಲ್ಲ ಟೀಚರ್" ಎಂದು ಕೈ ಉಜ್ಜಿಕೊಂಡು ಒಳಗೆ ಬಂದ. ಮಂಗಳವಾರವೂ ಅದೇ ಕಥೆ.

ಬುಧವಾರ ಇನ್‌ಸ್ಪೆಕ್ಟರು ಬಂದರು.

ಹೇಳದೆ ಕೇಳದೆ ಬಂದರು. ಎತ್ತರದ ಆಳು, ಬೂಟು, ಟೈ, ಕೈಯಲ್ಲಿ ಬೆತ್ತ. ಹಿಂದೆ ನಮ್ಮ ಹೆಡ್‌ಮಾಸ್ತರು, ಪೇಟ ಸರಿಮಾಡಿಕೊಳ್ಳುತ್ತಾ. ಬಾಗಿಲ ಒಳಗೆ ಕಾಲಿಟ್ಟವರೇ ಇನ್‌ಸ್ಪೆಕ್ಟರು ನನಗೆ, "ನೀವು ಕಿಟಕಿ ಹತ್ರ ನಿಂತ್ಕೊಳ್ಳಿ. ಒಂದು ಮಾತೂ ಆಡಬಾರದು, ಸನ್ನೆಯೂ ಮಾಡಬಾರದು" ಎಂದರು. ನಿಂತೆ. ನನ್ನ ಜನ್ಮದಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೊಂದೇ ಸಲ.

ಮಕ್ಕಳು ಎದ್ದು ನಿಂತು ಕೂತರು. ಇನ್‌ಸ್ಪೆಕ್ಟರು ಇಂಗ್ಲಿಷಿನಲ್ಲಿ ಸ್ಕೂಲಿನ ಹೆಸರು ಕೇಳಿದರು. ಯಾರೂ ಹೇಳಲಿಲ್ಲ. ಊರಿನ ಹೆಸರು ಕೇಳಿದರು. ಪಿಟ್ಟೆನ್ನಲಿಲ್ಲ. ನನಗೆ ಏನೂ ಅರ್ಥವಾಗಲಿಲ್ಲ. ನಿನ್ನೆ ಸಂಜೆಯವರೆಗೂ ಬಾಯಿ ಮುಚ್ಚಿ ಅಂದರೂ ಮುಚ್ಚದ ಮಕ್ಕಳು ಇವರೇನಾ? ಅವರು ಬೆತ್ತದಿಂದ ಮಮ್ಮದನನ್ನು ತೋರಿಸಿ, "ಯೂ, ಬಾಯ್. ವಾಟ್ ಈಸ್ ಯುವರ್ ನೇಮ್?" ಎಂದರು.

ಮಮ್ಮದ್ ಎದ್ದು ನಿಂತ. ತುಟಿ ಒಳಗೆ ಎಳೆದುಕೊಂಡು ಕಾಳಮ್ಮನ ಕಡೆ ನೋಡಿದ. ಆಗ ಕಂಡಿತು ನನಗೆ: ಕ್ಲಾಸಿಗೆ ಕ್ಲಾಸೇ ಕಾಳಮ್ಮನ ಕಡೆ ನೋಡುತ್ತಿತ್ತು. ಬಾಗಿಲಿಂದ ಒಬ್ಬರು ಬಂದಿದ್ದಾರೆ. ಈ ವಾರದ ಯಜಮಾನಿ ಅವರನ್ನು ಕರೆದಿಲ್ಲ, ಕೂರಿಸಿಲ್ಲ. ಮನೆಯ ಮಿಕ್ಕವರು ಹೇಗೆ ಬಾಯಿ ಬಿಟ್ಟಾರು? ಅಯ್ಯೋ ನನ್ನ ಕರ್ಮವೇ! ಇದು ಆಟವಲ್ಲ ಕಣ್ರೋ ಎಂದು ಕಿರುಚೋಣವೆಂದರೆ ನನ್ನ ಬಾಯಿಗೆ ಬೀಗ.

"ತನ್ನ ಹೆಸರು ಹೇಳೋಕೂ ಬರಲ್ಲ" ಎಂದರು ಇನ್‌ಸ್ಪೆಕ್ಟರು, ಹೆಡ್‌ಮಾಸ್ತರ ಕಡೆ ತಿರುಗಿ.

"ನಾನು ಮೊದಲೇ ಅರಿಕೆ ಮಾಡಿದ್ದೆನಲ್ಲ ಸಾರ್, ಇಲ್ಲಿ ಬರೀ ಆಟ" ಎಂದರು ಹೆಡ್‌ಮಾಸ್ತರು.

ನನ್ನ ಟ್ರಂಕು, ಮಡಿಕೇರಿ ಬಸ್ಸು, ಅಮ್ಮನ ಕೈಯ ಜಾತಕ ಎಲ್ಲಾ ಒಟ್ಟಿಗೆ ಕಣ್ಣ ಮುಂದೆ ಬಂದವು. ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇನ್‌ಸ್ಪೆಕ್ಟರು ಹೊರಡಲು ತಿರುಗಿದರು.

ಆಗ ಕಾಳಮ್ಮ ಎದ್ದಳು. ಅವಳಿಗೆ ಧೈರ್ಯ ಬಂತು ಅಂದುಕೊಳ್ಳಬೇಡಿ. ಬಂದದ್ದು ಸಿಟ್ಟು. ಬಂದ ಮನುಷ್ಯ ಅಷ್ಟು ಹೊತ್ತಿನಿಂದ ನಿಂತೇ ಇದ್ದಾನೆ, ನಿಂತಂತೆಯೇ ಹೋಗುತ್ತಿದ್ದಾನೆ. ಅವಳ ಮನೆಯಲ್ಲಿ ಹಾಗೆ ಯಾರಾದರೂ ಹೋದದ್ದುಂಟೇ? "ಏಯ್, ಅತ್ಲಾಗ್ ಸರೀರ್ರೋ! ಬಂದೋರ್ನ ನಿಲ್ಸ್ಕಂಡು ಮಕ ನೋಡ್ತಾ ಕುಂತವ್ರೆ!" ಎಂದು ಮುಂದಿನ ಬೆಂಚಿನವರನ್ನು ಗದರಿಸಿ, ನನ್ನ ಕುರ್ಚಿಯನ್ನು ದರದರ ಎಳೆದು ತಂದಳು. ಸೆರಗಿನಲ್ಲಿ ಒರೆಸಿದಳು. ಇನ್‌ಸ್ಪೆಕ್ಟರ ಮುಂದಿಟ್ಟಳು.

"ಕಮ್ ಸರ್. ಸಿಟ್."

ಅವರು ಬೆಚ್ಚಿದರು. "ಐ ಹ್ಯಾವ್ ನೋ ಟೈಮ್ ಟು ಸಿಟ್."

"ನೋ ಸಿಟ್, ನೋ ಟಾಕ್, ಸರ್. ಫಸ್ಟ್ ಕಾಫಿ. ಆಫ್ಟರ್ ಕಾಫಿ, ಕ್ವೆಶ್ಚನ್."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಇನ್‌ಸ್ಪೆಕ್ಟರು ಏನೂ ತೋಚದೆ ಕೂತರು. ಅವಳು ಕಿಟಕಿಯ ಮೇಲಿಂದ, ನನ್ನ ಮೊಣಕೈಯನ್ನು ಸರಿಸಿ, ಒಂದು ಸಿಪ್ಪೆ ಬಟ್ಟಲು ತೆಗೆದುಕೊಂಡು ಹೋಗಿ ಎರಡೂ ಕೈಯಲ್ಲಿ ಕೊಟ್ಟಳು. "ಹಾಟ್ ಸರ್. ಸ್ಲೋಲಿ ಡ್ರಿಂಕ್."

ಅವರು ಖಾಲಿ ಬಟ್ಟಲನ್ನು ನೋಡಿದರು. ಅವಳನ್ನು ನೋಡಿದರು. ಆಮೇಲೆ ಊದಿದರು! ಊದಿ ಕುಡಿದರು. "ನೋ ಶುಗರ್?" ಎಂದರು.

"ಶುಗರ್ ನೋ ಸರ್. ಜಾಗರಿ. ಗುಡ್ ಫಾರ್ ಕೋಲ್ಡ್. ಯುವರ್ ವೈಫ್ ವೆಲ್, ಸರ್?"

"ವೆರಿ ವೆಲ್. ಥ್ಯಾಂಕ್ಯೂ."

"ಯುವರ್ ಕೌ ವೆಲ್?"

"ವಿ ಹ್ಯಾವ್ ನೋ ಕೌ. ಎ ಮ್ಯಾನ್ ಬ್ರಿಂಗ್ಸ್ ಮಿಲ್ಕ್."

ಕಾಳಮ್ಮನಿಗೆ ಅಯ್ಯೋ ಪಾಪ ಅನ್ನಿಸಿತು. ಹಸು ಕರು ಹಾಕಿದ ಮನೆಯವಳು ಅವಳು. ಒಂದು ಗಳಿಗೆ ಯೋಚಿಸಿ, ದನಿ ತಗ್ಗಿಸಿ ಕೇಳಿದಳು: "ಹೌ ಮಚ್ ವಾಟರ್, ಸರ್?"

ಇನ್‌ಸ್ಪೆಕ್ಟರು ನಕ್ಕರು ನೋಡಿ, ಬೆತ್ತ ಕೆಳಗೆ ಬಿತ್ತು. "ಟೂ ಮಚ್, ಮೈ ಚೈಲ್ಡ್, ಟೂ ಮಚ್!" ಹೆಡ್‌ಮಾಸ್ತರ ಪೇಟ ಕೂಡ ಅಲುಗಾಡಿತು. ಕಾಳಮ್ಮ ಖಾಲಿ ಬಟ್ಟಲನ್ನು ವಾಪಸ್ಸು ಇಸಿದುಕೊಂಡು, "ಕಾಫಿ ಫಿನಿಶ್. ನೌ ಆಸ್ಕ್ ಸರ್" ಎಂದಳು. ಅಷ್ಟೇ ಸಾಕಾಯಿತು. ಕಟ್ಟೆ ಒಡೆಯಿತು. ಮಮ್ಮದ್ ತನ್ನ ಹೆಸರು, ಅಪ್ಪನ ಹೆಸರು, ಒಣಮೀನಿನ ಬಗೆಗಳು ಎಲ್ಲವನ್ನೂ ಹೇಳಿ, ಶನಿವಾರ ಅಂಗಡಿಗೆ ಬರಬೇಕೆಂದು ಕರೆದ. ಹಿಂದಿನ ಬೆಂಚಿನವರು ಎದ್ದು ನಿಂತು ಊರಿನ ಹೆಸರು, ಸ್ಕೂಲಿನ ಹೆಸರು, ಹಂದಿ, ಅಂಕಲ್ಲು ಯಾವುದನ್ನೂ ಬಿಡಲಿಲ್ಲ. ಇನ್‌ಸ್ಪೆಕ್ಟರು ಪ್ರಶ್ನೆ ಕೇಳಿದರು, ಮಕ್ಕಳು ತಿರುಗಿ ಅವರನ್ನೇ ಪ್ರಶ್ನೆ ಕೇಳಿದರು. ಮೊದಲು ಯಾಕೆ ಸುಮ್ಮನಿದ್ದಿರಿ ಎಂದು ಅವರು ಕೇಳಿದ್ದಕ್ಕೆ ಮಮ್ಮದ್, "ಯು ವರ್ ಸ್ಟ್ಯಾಂಡಿಂಗ್, ಸರ್" ಎಂದ, ಇದೂ ಒಂದು ಕೇಳುವ ಮಾತಾ ಎನ್ನುವ ಹಾಗೆ.

ಕೊನೆಗೆ ಅವರು ಕಾಳಮ್ಮನನ್ನು ಕೇಳಿದರು: "ಹೂ ಟಾಟ್ ಯು ಆಲ್ ದಿಸ್?"

ನಾನು ಸೆರಗು ಸರಿಮಾಡಿಕೊಂಡೆ. ನನ್ನ ಹೆಸರು ಬರುತ್ತದಲ್ಲ!

ಅವಳು ಬಹಳ ಯೋಚಿಸಿದಳು. "ನೋಬಡಿ ಟೀಚ್, ಸರ್. ವಿ ಟಾಕ್. ಟೀಚರ್ ಲಿಸನ್."

ಯಾರೂ ಕಲಿಸಲಿಲ್ಲವಂತೆ! ಹೆಡ್‌ಮಾಸ್ತರು ಗಂಟಲು ಸರಿಮಾಡಿಕೊಂಡರು. ಇನ್‌ಸ್ಪೆಕ್ಟರು ಮಾತ್ರ ನನ್ನ ಕಡೆ ತಿರುಗಿ ನೋಡಿ ತಲೆಯಾಡಿಸಿದರು. ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಎದ್ದು ಬೆತ್ತ ಎತ್ತಿಕೊಂಡು, "ಆಲ್ ರೈಟ್. ಐ ಆಮ್ ಗೋಯಿಂಗ್" ಎಂದರು.

"ನೋ ಸರ್!" ಕಾಳಮ್ಮ ಬಾಗಿಲಿಗೆ ಅಡ್ಡ ನಿಂತಳು. ಮನೆಗೆ ಬಂದವರು ಹೋಗ್ತೀನಿ ಎಂದು ಅಂದುಬಿಡುವುದೇ? ಎಂಥ ಅಪಶಕುನ! "ಡೋಂಟ್ ಸೇ ಗೋಯಿಂಗ್. ಸೇ, ಐ ವಿಲ್ ಗೋ ಆಂಡ್ ಕಮ್."

ಮಡಿಕೇರಿಯಿಂದ ಬಂದ ಇನ್‌ಸ್ಪೆಕ್ಟರು, ಬೂಟು ಟೈ ಹಾಕಿದವರು, ಶನಿವಾರಸಂತೆಯ ಹುಡುಗಿಯ ಮುಂದೆ ನಿಂತು ಇಂಗ್ಲಿಷ್ ಪಾಠ ಒಪ್ಪಿಸಿದರು. "ಐ ವಿಲ್ ಗೋ ಆಂಡ್ ಕಮ್." ಆಮೇಲೆ ಹೆಡ್‌ಮಾಸ್ತರ ಹೆಗಲ ಮೇಲೆ ಕೈಯಿಟ್ಟು ಕನ್ನಡದಲ್ಲಿ ಹೇಳಿದರು: "ಬರ್ತೀನಿ ಅಂತ ಮಾತು ಕೊಟ್ಟಾಯ್ತಲ್ಲ ಮಾಸ್ತರೇ. ನಾನು ಬಂದಾಗ ಈ ಮನೇಲಿ ಈ ಟೀಚರೇ ಇರಬೇಕು."

ಬಂದರು, ಮಾರನೆಯ ವರ್ಷ. ಕಾಳಮ್ಮ ಆಗಲೇ ಹೈಸ್ಕೂಲಿಗೆ ಹೋಗಿಯಾಗಿತ್ತು. ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ, ಕೂತ್ಕೊಳ್ಳಿ ಸಾರ್ ಎಂದವಳು ನಾನೇ.